ತುಂಬಲಾಗದ ಒಂಬತ್ತು ಮನೆಗಳು

ಒಂದು ಕಾಗದದ ಮೇಲೆ ಒಂಬತ್ತು ಮನೆಗಳ ಚೌಕ ಬರೆಯಿರಿ. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು. ಪ್ರತಿ ಮನೆಯಲ್ಲೂ +1 ಅಥವಾ −1, ಎರಡರಲ್ಲೊಂದನ್ನು ತುಂಬಬೇಕು. ಯಾವ ಅಡ್ಡಸಾಲಿನ ಮೂರು ಸಂಖ್ಯೆಗಳನ್ನು ಗುಣಿಸಿದರೂ +1 ಬರಬೇಕು. ಮೊದಲ ಎರಡು ಕಂಬಸಾಲುಗಳಲ್ಲೂ ಹಾಗೆಯೇ. ಕೊನೆಯ ಕಂಬಸಾಲಿನ ಗುಣಲಬ್ಧ ಮಾತ್ರ −1 ಆಗಬೇಕು. ನಿಯಮ ಇಷ್ಟೇ.

ಸ್ವಲ್ಪ ಹೊತ್ತು ಕೂತರೆ ಐದು ಸಾಲುಗಳು ಕೂಡಿಬರುತ್ತವೆ, ಆರನೆಯದು ಕೈಕೊಡುತ್ತದೆ. ಅದನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡುತ್ತದೆ. ಈ ಚೌಕವನ್ನು ಒಟ್ಟು 512 ಬಗೆಗಳಲ್ಲಿ ತುಂಬಬಹುದು, ಅವುಗಳಲ್ಲಿ ಒಂದೂ ನಿಯಮಕ್ಕೆ ಒಗ್ಗುವುದಿಲ್ಲ. ಇದನ್ನು ತಿಳಿಯಲು 512ನ್ನೂ ಬರೆದು ನೋಡಬೇಕಿಲ್ಲ. ಮೂರು ಅಡ್ಡಸಾಲುಗಳ ಗುಣಲಬ್ಧಗಳನ್ನು ಒಟ್ಟಿಗೆ ಗುಣಿಸಿದರೆ ಒಂಬತ್ತೂ ಮನೆಗಳ ಗುಣಲಬ್ಧ ಸಿಗುತ್ತದೆ. ನಿಯಮದ ಪ್ರಕಾರ ಅದು +1. ಕಂಬಸಾಲುಗಳ ಗುಣಲಬ್ಧಗಳನ್ನು ಗುಣಿಸಿದರೂ ಸಿಗುವುದು ಅದೇ ಒಂಬತ್ತು ಮನೆಗಳ ಗುಣಲಬ್ಧ. ಆದರೆ ಈಗ ಅದು −1 ಆಗಬೇಕು! ಒಂದೇ ಸಂಖ್ಯೆ ಎರಡೂ ಆಗಲಾರದು. ಏಳನೇ ತರಗತಿಯ ಹುಡುಗಿಯೂ ಒಪ್ಪುವ ಲೆಕ್ಕ ಇದು.

ಈ ಚೌಕವನ್ನು 1990ರಲ್ಲಿ ರೂಪಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಮರ್ಮಿನ್ ಮತ್ತು ಇಸ್ರೇಲಿನ ಹೈಫಾದಲ್ಲಿದ್ದ ಆಶರ್ ಪೆರೆಸ್. ಇಬ್ಬರೂ ಭೌತವಿಜ್ಞಾನಿಗಳು. ಅವರಿಗೆ ಇದು ಹೊತ್ತು ಕಳೆಯುವ ಒಗಟಾಗಿರಲಿಲ್ಲ. ನಾವು ಯಾರೂ ತುಂಬಲಾಗದ ಈ ಚೌಕದ ಆರೂ ನಿಯಮಗಳನ್ನು ಎರಡು ಪುಟ್ಟ ಕ್ವಾಂಟಂ ಕಣಗಳು ಪಾಲಿಸುತ್ತವೆ. ಯಾವ ಸಾಲನ್ನು ಅಳೆದರೂ ಗುಣಲಬ್ಧ ನಿಯಮ ಹೇಳಿದಂತೆಯೇ ಬರುತ್ತದೆ. ಕ್ವಾಂಟಂ ಭೌತವಿಜ್ಞಾನದ ವಿಚಿತ್ರಗಳನ್ನು ಒಂದೇ ಪುಟದಲ್ಲಿ ತೋರಿಸು ಎಂದು ಯಾರಾದರೂ ಕೇಳಿದರೆ ನಾನು ಸತ್ತೂ ಬದುಕಿಯೂ ಇರುವ ಬೆಕ್ಕಿನ ಪ್ರಸಿದ್ಧ ಕಥೆ ಹೇಳುವುದಿಲ್ಲ, ಈ ಚೌಕವನ್ನು ಬರೆದು ಕೊಡುತ್ತೇನೆ.

ಕಣಗಳು ಇದನ್ನು ಸಾಧಿಸುವುದು ಹೇಗೆಂದು ನೋಡೋಣ. ಎರಡು ಕಣಗಳಿವೆ ಎನ್ನಿ. ಒಂದೊಂದಕ್ಕೂ ಮೂರು ಬಗೆಯ ಪ್ರಶ್ನೆ ಕೇಳಬಹುದು: ಎಕ್ಸ್, ವೈ, ಝಡ್. ಕಣದ ಸ್ಪಿನ್ ಎಂಬ ಗುಣವನ್ನು ಮೂರು ದಿಕ್ಕುಗಳಲ್ಲಿ ಅಳೆದಂತೆ. ಯಾವ ಪ್ರಶ್ನೆಗೂ ಉತ್ತರ +1 ಅಥವಾ −1. ಚೌಕದ ಮೊದಲ ಅಡ್ಡಸಾಲಿನಲ್ಲಿ ಮೊದಲ ಕಣದ ಝಡ್, ಎರಡನೆಯ ಕಣದ ಝಡ್, ಮೂರನೆಯ ಮನೆಯಲ್ಲಿ ಆ ಎರಡರ ಗುಣಲಬ್ಧ. ಎರಡನೆಯ ಸಾಲಿನಲ್ಲಿ ಎರಡನೆಯ ಕಣದ ಎಕ್ಸ್, ಮೊದಲ ಕಣದ ಎಕ್ಸ್, ಅವೆರಡರ ಗುಣಲಬ್ಧ. ಕೊನೆಯ ಸಾಲಿನ ಮೂರು ಮನೆಗಳಲ್ಲೂ ಗುಣಲಬ್ಧಗಳೇ: ಮೊದಲನೆಯದರ ಝಡ್ ಗುಣಿಸು ಎರಡನೆಯದರ ಎಕ್ಸ್, ಮೊದಲನೆಯದರ ಎಕ್ಸ್ ಗುಣಿಸು ಎರಡನೆಯದರ ಝಡ್, ಮತ್ತು ಎರಡೂ ಕಣಗಳ ವೈಗಳ ಗುಣಲಬ್ಧ. ಕ್ವಾಂಟಂ ಗಣಿತದಲ್ಲಿ ಲೆಕ್ಕ ಹಾಕಿದರೆ ಕೊನೆಯ ಕಂಬಸಾಲಿನಲ್ಲಿ ಮಾತ್ರ ಒಂದು ಮೈನಸ್ ಚಿಹ್ನೆ ತಾನಾಗಿ ಹುಟ್ಟುತ್ತದೆ. ಇಡೀ ಲೇಖನ ನಿಂತಿರುವುದು ಆ ಒಂದು ಮೈನಸ್ ಮೇಲೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಗುಣಲಬ್ಧವನ್ನು ತಿಳಿಯಲು ಒಂದೊಂದು ಕಣವನ್ನೂ ಬೇರೆಬೇರೆಯಾಗಿ ಅಳೆಯಲೇಬೇಕೆಂದಿಲ್ಲ. ಎರಡರ ಉತ್ತರಗಳೂ ಒಂದೇ ಆಗಿವೆಯೋ ಬೇರೆಯೋ ಎಂಬುದನ್ನಷ್ಟೇ, ಅವು ಏನೆಂದು ತಿಳಿಯದೆಯೇ, ಅಳೆಯಬಹುದು. ಎರಡನೆಯದು ಇನ್ನೂ ಮುಖ್ಯ. ಒಂದೇ ಕಣದ ಎಕ್ಸ್ ಮತ್ತು ಝಡ್‌ಗಳನ್ನು ಒಟ್ಟಿಗೆ ಅಳೆಯಲಾಗದು, ಒಂದನ್ನು ಅಳೆದರೆ ಇನ್ನೊಂದು ಕದಡುತ್ತದೆ. ಹೈಸೆನ್‌ಬರ್ಗ್ ಕಾಲದಿಂದ ಗೊತ್ತಿರುವ ಸಂಗತಿ ಇದು. ಆದರೆ ಚೌಕದ ಒಂದೇ ಸಾಲಿನಲ್ಲಿರುವ ಮೂರು ಪ್ರಶ್ನೆಗಳು ಹಾಗಲ್ಲ. ಅವು ಒಂದಕ್ಕೊಂದು ಅಡ್ಡಿಯಾಗುವುದಿಲ್ಲ. ಯಾವ ಕ್ರಮದಲ್ಲಿ ಬೇಕಾದರೂ ಕೇಳಬಹುದು. ಒಂದನ್ನು ಕೇಳಿ, ಮತ್ತೊಂದನ್ನು ಕೇಳಿ, ಮೊದಲಿನದನ್ನೇ ಮತ್ತೆ ಕೇಳಿದರೆ ಮೊದಲಿನ ಉತ್ತರವೇ ಬರುತ್ತದೆ.

ಹಾಗಾಗಿ 'ಅಳೆಯುವಾಗ ಕಣಕ್ಕೆ ಪೆಟ್ಟು ಬಿತ್ತು, ಅದಕ್ಕೇ ಉತ್ತರ ಬದಲಾಯಿತು' ಎಂಬ ಹಳೆಯ ಸಮಾಧಾನ ಇಲ್ಲಿ ಸಾಲದು. ಪಠ್ಯಪುಸ್ತಕಗಳು ಇಂದಿಗೂ ಕ್ವಾಂಟಂ ಅಳತೆಯನ್ನು ಈ ಪೆಟ್ಟಿನ ಭಾಷೆಯಲ್ಲೇ ಹೇಳಿ ಮುಗಿಸುವುದು ನನಗೆ ಬೇಸರದ ವಿಷಯ. ಅಲ್ಲಿಗೇ ನಿಂತ ವಿದ್ಯಾರ್ಥಿ, ಒಳಗೆ ಎಲ್ಲವೂ ನಿಶ್ಚಿತವಾಗಿಯೇ ಇದೆ, ನಮ್ಮ ಕೈ ಒರಟು, ಅಷ್ಟೇ ಎಂದುಕೊಂಡು ಹೋಗುತ್ತಾನೆ. ಚೌಕ ಹೇಳುವುದು ಅದಲ್ಲ. ಒಂಬತ್ತು ಪ್ರಶ್ನೆಗಳಿಗೂ ಉತ್ತರಗಳು ಮೊದಲೇ ಬರೆದಿಟ್ಟಿದ್ದರೆ ಅವು 512 ಬಗೆಗಳಲ್ಲಿ ಒಂದಾಗಿರಲೇಬೇಕು. ಆ 512ರಲ್ಲಿ ಒಂದೂ ಕಣಗಳ ನಡತೆಗೆ ಹೊಂದುವುದಿಲ್ಲ.

ತೂಕ ಹಾಕುವಾಗ ಉಂಗುರದ ಜೊತೆ ತಟ್ಟೆಯಲ್ಲಿ ಬಳೆಯಿದ್ದರೂ ಸರವಿದ್ದರೂ ಉಂಗುರದ ತೂಕ ಅಷ್ಟೇ ಎಂದು ನಂಬುತ್ತೇವೆ. ಒಂದು ಪ್ರಶ್ನೆಯ ಉತ್ತರ ಅದರ ಜೊತೆ ಕೇಳಿದ ಬೇರೆ ಪ್ರಶ್ನೆಗಳನ್ನು ಅವಲಂಬಿಸಬಾರದು ಎಂಬ ಈ ನಂಬಿಕೆಯೇ ಕ್ವಾಂಟಂ ಲೋಕದಲ್ಲಿ ಮುರಿದುಬೀಳುವುದು. ಒಂದು ಮನೆಯನ್ನು ಅಡ್ಡಸಾಲಿನ ಸಂಗಡಿಗರೊಂದಿಗೆ ಅಳೆಯುವುದು ಒಂದು ಸಂದರ್ಭ, ಕಂಬಸಾಲಿನ ಸಂಗಡಿಗರೊಂದಿಗೆ ಅಳೆಯುವುದು ಇನ್ನೊಂದು. ಎರಡೂ ಸಂದರ್ಭಗಳಿಗೆ ಸಲ್ಲುವಂತೆ ಮೊದಲೇ ನಿಂತಿರುವ ಒಂದು ಉತ್ತರವಿಲ್ಲ. ಇದಕ್ಕೇ ಕ್ವಾಂಟಂ ಸಂದರ್ಭಾವಲಂಬನೆ ಎನ್ನುತ್ತಾರೆ.

ಇದು ಬರೀ ಕಾಗದದ ಮಾತಾಗಿ ಉಳಿಯಲಿಲ್ಲ. 2009ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ರೈನರ್ ಬ್ಲಾಟ್ ಅವರ ತಂಡ ಇದೇ ಚೌಕವನ್ನು ಎರಡು ಕ್ಯಾಲ್ಸಿಯಂ ಅಯಾನುಗಳ ಮೇಲೆ ಪರೀಕ್ಷಿಸಿತು. ನಿರ್ವಾತ ಪೆಟ್ಟಿಗೆಯೊಳಗೆ ವಿದ್ಯುತ್ ಕ್ಷೇತ್ರಗಳ ಹಿಡಿತದಲ್ಲಿ ಎರಡು ಅಯಾನುಗಳು ಅಕ್ಕಪಕ್ಕ ತೇಲುತ್ತಿರುತ್ತವೆ. ಅವುಗಳ ಸ್ಥಿತಿಯನ್ನು ತಿರುಗಿಸುವುದು 729 ನ್ಯಾನೋಮೀಟರಿನ ಕೆಂಪು ಲೇಸರ್. ಉತ್ತರ ಓದುವುದು 397 ನ್ಯಾನೋಮೀಟರಿನ ನೇರಳೆ ಬೆಳಕು. ಆ ಬೆಳಕು ಬಿದ್ದಾಗ ಅಯಾನು ಮಿನುಗಿದರೆ ಒಂದು ಉತ್ತರ, ಕತ್ತಲಾಗಿಯೇ ಉಳಿದರೆ ಇನ್ನೊಂದು.

ಕಷ್ಟವಿದ್ದದ್ದು ಗುಣಲಬ್ಧದ ಮನೆಗಳಲ್ಲಿ. ಎರಡೂ ಅಯಾನುಗಳ ಉತ್ತರಗಳು ಒಂದೇ ಹೌದೋ ಅಲ್ಲವೋ ಎಂಬ ಮಾಹಿತಿಯನ್ನು ಲೇಸರ್ ಮಿಡಿತಗಳಿಂದ ಒಂದೇ ಅಯಾನಿನೊಳಗೆ ತುಂಬಬೇಕು. ಇನ್ನೊಂದು ಅಯಾನನ್ನು ನೇರಳೆ ಬೆಳಕು ತಾಕದ ಶಕ್ತಿಮಟ್ಟದಲ್ಲಿ ಅಡಗಿಸಿಡಬೇಕು. ಮೊದಲನೆಯದನ್ನು ಓದಿ, ಎಲ್ಲವನ್ನೂ ಹಿಂದಕ್ಕೆ ತಿರುಗಿಸಿ, ಮುಂದಿನ ಪ್ರಶ್ನೆಗೆ ಅಣಿಮಾಡಬೇಕು. ಒಂದು ಸಾಲಿಗೆ ಇಂಥ ಮೂರು ಅಳತೆಗಳು ಒಂದರ ಹಿಂದೊಂದು. ಆರೂ ಸಾಲುಗಳ ಫಲವನ್ನು ಕೂಡಿಸಿ ಒಂದು ಸಂಖ್ಯೆ ಮಾಡುತ್ತಾರೆ: ಸರಿಬಂದ ಸಾಲಿಗೆ +1, ತಪ್ಪಿದ ಸಾಲಿಗೆ −1. ಉತ್ತರಗಳು ಮೊದಲೇ ಬರೆದಿಟ್ಟಿದ್ದರೆ ಹೆಚ್ಚೆಂದರೆ ಐದು ಸಾಲು ಸರಿ, ಒಂದು ತಪ್ಪು. ಮೊತ್ತ 4ನ್ನು ಮೀರುವಂತಿಲ್ಲ. ಕ್ವಾಂಟಂ ಸಿದ್ಧಾಂತ 6 ಎನ್ನುತ್ತದೆ. ಈ ಮಿತಿಯನ್ನು ಹೀಗೆ ಅಳೆಯಬಲ್ಲ ರೂಪಕ್ಕೆ ತಂದವರು ಸ್ಪೇನಿನ ಅಡಾನ್ ಕಬೆಯೊ. ಇನ್ಸ್‌ಬ್ರುಕ್ ತಂಡಕ್ಕೆ ಸಿಕ್ಕಿದ್ದು 5.46. ಉಪಕರಣಗಳ ಸಣ್ಣಪುಟ್ಟ ದೋಷಗಳಿಂದ 6 ಮುಟ್ಟಲಿಲ್ಲ, ಆದರೆ 4 ಎಲ್ಲೋ ಕೆಳಗೆ ಉಳಿಯಿತು. ಅಯಾನುಗಳನ್ನು ಹತ್ತು ಬೇರೆಬೇರೆ ಸ್ಥಿತಿಗಳಲ್ಲಿಟ್ಟು ನೋಡಿದಾಗಲೂ ಹಾಗೆಯೇ. ಯಾವುದೋ ಒಂದು ವಿಶೇಷ ಸ್ಥಿತಿಯ ಚಮತ್ಕಾರ ಇದಲ್ಲ ಎಂಬುದಕ್ಕೆ ಅದು ಸಾಕ್ಷಿ.

ಈ ಅರಿವಿನ ಹಿಂದೆ ಸುಮಾರು ಅರವತ್ತು ವರ್ಷಗಳ ದಾರಿಯಿದೆ, ಅದರಲ್ಲಿ ಅನ್ಯಾಯವೂ ಇದೆ. 1932ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್‌ಮನ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಕ್ವಾಂಟಂ ಫಲಗಳ ಹಿಂದೆ ಅಡಗಿದ ನಿಶ್ಚಿತ ಬೆಲೆಗಳು ಇರಲು ಸಾಧ್ಯವೇ ಇಲ್ಲ ಎಂದು ಗಣಿತದ ಮೂಲಕ ತೋರಿಸಿದ್ದೇನೆ ಎಂದರು. ಅಂಥ ದೊಡ್ಡ ಹೆಸರಿನ ಮುಂದೆ ಎಲ್ಲರೂ ತಲೆಯಾಡಿಸಿದರು. ಮೂರೇ ವರ್ಷಗಳಲ್ಲಿ, 1935ರಲ್ಲಿ, ಗಣಿತಜ್ಞೆ ಎಮ್ಮಿ ನೋಟರ್ ಅವರ ಶಿಷ್ಯೆ ಗ್ರೇಟ ಹರ್ಮನ್ ಆ ವಾದದ ಬಿರುಕನ್ನು ಎತ್ತಿ ತೋರಿಸಿದರು. ಒಟ್ಟಿಗೆ ಅಳೆಯಲಾಗದ ಸಂಗತಿಗಳ ಬೆಲೆಗಳಿಗೂ ಸರಳವಾದ ಕೂಡುವ ನಿಯಮ ಅನ್ವಯಿಸುತ್ತದೆ ಎಂದು ಫಾನ್ ನಾಯ್‌ಮನ್ ಊಹಿಸಿಕೊಂಡಿದ್ದರು, ಅದಕ್ಕೆ ಆಧಾರವಿರಲಿಲ್ಲ. ಹರ್ಮನ್ ಬರೆದದ್ದನ್ನು ದಶಕಗಳ ಕಾಲ ಬಹುತೇಕ ಯಾರೂ ಗಮನಿಸಲಿಲ್ಲ. ಈ ಕ್ಷೇತ್ರದ ಇತಿಹಾಸ ಹೇಳುವವರು ಅವರ ಹೆಸರನ್ನು ಮೊದಲ ಪುಟದಲ್ಲೇ ಹೇಳಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಅದೇ ಬಿರುಕನ್ನು ಮತ್ತೆ ಕಂಡವರು ಭೌತವಿಜ್ಞಾನಿ ಜಾನ್ ಬೆಲ್. 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬರೆದ ಪ್ರಬಂಧದಲ್ಲಿ ಅವರು ಫಾನ್ ನಾಯ್‌ಮನ್ ವಾದವನ್ನು ಬದಿಗಿಟ್ಟು, ಅದಕ್ಕಿಂತ ಗಟ್ಟಿಯಾದ ಸಂದರ್ಭಾವಲಂಬನೆಯ ವಾದ ಮಂಡಿಸಿದರು. ಜೊತೆಗೇ, ಉಪಕರಣದ ಇಡೀ ವ್ಯವಸ್ಥೆಯನ್ನು ಉತ್ತರ ಅವಲಂಬಿಸಿದರೆ ಅದರಲ್ಲಿ ಅಸಂಗತವೇನೂ ಇಲ್ಲ ಎಂದೂ ಎಚ್ಚರಿಸಿದರು. ತಿದ್ದಿದ ಹಸ್ತಪ್ರತಿ ಪತ್ರಿಕೆಯ ಕಚೇರಿಯಲ್ಲಿ ಎಲ್ಲೋ ಸೇರಿಹೋಗಿ ಪ್ರಬಂಧ ಅಚ್ಚಾದದ್ದು 1966ರಲ್ಲಿ. ಅಷ್ಟರಲ್ಲಿ ಅದರ ಮುಂದುವರಿಕೆಯಾದ, ದೂರದೂರದ ಎರಡು ಕಣಗಳ ಉತ್ತರಗಳು ಎಷ್ಟು ತಾಳೆಯಾಗಬಹುದು ಎಂಬುದಕ್ಕೆ ಮಿತಿ ಹಾಕುವ ಅವರ ಅಸಮಾನತೆಯ ಪ್ರಬಂಧ ಹೊರಬಂದಾಗಿತ್ತು! 2022ರ ನೊಬೆಲ್ ಬಹುಮಾನದವರೆಗೆ ಸಾಗಿದ ಆ ಎರಡನೆಯ ಕಥೆ ಎಲ್ಲರಿಗೂ ಗೊತ್ತು. ಮೊದಲನೆಯದು ಅದರ ನೆರಳಿನಲ್ಲಿ ಉಳಿಯಿತು.

ಜ್ಯೂರಿಕ್‌ನಲ್ಲಿ ತರ್ಕಶಾಸ್ತ್ರಜ್ಞ ಅರ್ನ್ಸ್ಟ್ ಸ್ಪೆಕರ್ ಬೇರೆಯೇ ದಾರಿಯಲ್ಲಿ ಇಲ್ಲಿಗೆ ಬಂದಿದ್ದರು. ನಡೆಯದೇ ಹೋದದ್ದು ನಡೆದಿದ್ದರೆ ಮುಂದೇನಾಗುತ್ತಿತ್ತು ಎಂಬುದೂ ದೇವರಿಗೆ ತಿಳಿದಿದೆಯೇ ಎಂಬ ಮಧ್ಯಯುಗದ ಪಂಡಿತರ ಪ್ರಶ್ನೆ ಅವರ ತಲೆಯಲ್ಲಿತ್ತು. 1960ರ ಪ್ರಬಂಧದಲ್ಲಿ ಅವರು ಅಸ್ಸೀರಿಯದ ಒಬ್ಬ ಕಾಲಜ್ಞಾನಿಯ ಕಥೆ ಹೇಳುತ್ತಾರೆ. ಮಗಳನ್ನು ಕೊಡಲು ಮನಸ್ಸಿಲ್ಲದ ಅಪ್ಪ ಅವನು. ವರ ಬಂದರೆ ಮೂರು ಪೆಟ್ಟಿಗೆ ಮುಂದಿಡುತ್ತಾನೆ. ಯಾವುದರಲ್ಲಿ ರತ್ನವಿದೆ, ಯಾವುದು ಖಾಲಿ, ಹೇಳಬೇಕು. ಮೂರರಲ್ಲಿ ಎರಡಕ್ಕಾದರೂ ಒಂದೇ ಉತ್ತರ ಹೇಳಲೇಬೇಕಲ್ಲ, ಆ ಎರಡನ್ನು ತೆರೆಸುತ್ತಾನೆ. ಪ್ರತಿ ಸಲವೂ ಒಂದು ತುಂಬಿರುತ್ತದೆ, ಒಂದು ಖಾಲಿ. ವರಗಳೆಲ್ಲ ಸೋತು ಹೋಗುತ್ತಾರೆ. ಕೊನೆಗೆ ಬೇಸತ್ತ ಮಗಳೇ ಒಬ್ಬನ ಸರದಿಯಲ್ಲಿ ಅವನು ತುಂಬಿದ್ದು ಎಂದ ಒಂದನ್ನೂ ಖಾಲಿ ಎಂದ ಒಂದನ್ನೂ ತೆರೆದುಬಿಡುತ್ತಾಳೆ. ಅವನು ಹೇಳಿದಂತೆಯೇ ಇರುತ್ತದೆ. ತಾನು ತೆರೆಸಬೇಕೆಂದಿದ್ದು ಬೇರೆ ಎರಡು ಎಂದು ಅಪ್ಪ ಗೊಣಗಿದಾಗ ಅವಳು ಮೂರನೆಯದನ್ನೂ ತೆರೆಯಲು ಹೋಗುತ್ತಾಳೆ, ಅದು ತೆರೆಯುವುದೇ ಇಲ್ಲ.

ಈ ಮೂರು ಪೆಟ್ಟಿಗೆಗಳ ಆಟ ಕ್ವಾಂಟಂ ಲೋಕದಲ್ಲೂ ಸಾಧ್ಯವಿಲ್ಲ. ಆದರೆ ಪ್ರಶ್ನೆಗಳನ್ನು ಐದಕ್ಕೇರಿಸಿ, ವೃತ್ತದಲ್ಲಿ ಕೂರಿಸಿ, ಅಕ್ಕಪಕ್ಕದ ಎರಡಕ್ಕೆ ಒಟ್ಟಿಗೆ 'ಹೌದು' ಬರಬಾರದು ಎಂದರೆ ಸಾಧ್ಯ. ಮೊದಲೇ ಬರೆದಿಟ್ಟ ಉತ್ತರಗಳಲ್ಲಿ ಎರಡಕ್ಕಿಂತ ಹೆಚ್ಚು 'ಹೌದು' ಇರಲಾರವು. ಕ್ವಾಂಟಂ ವ್ಯವಸ್ಥೆಯಲ್ಲಿ ಐದೂ ಪ್ರಶ್ನೆಗಳ 'ಹೌದು' ಸಂಭವನೀಯತೆಗಳ ಮೊತ್ತ ಐದರ ವರ್ಗಮೂಲಕ್ಕೆ, ಅಂದರೆ ಸುಮಾರು 2.236ಕ್ಕೆ, ಏರಬಲ್ಲದು. ಅಲೆಕ್ಸಾಂಡರ್ ಕ್ಲ್ಯಾಚ್ಕೊ ಮತ್ತು ಸಂಗಡಿಗರು 2008ರಲ್ಲಿ ಹೇಳಿದ ಇದನ್ನು 2011ರಲ್ಲಿ ವಿಯೆನ್ನಾದಲ್ಲಿ ಒಂಟಿ ಫೋಟಾನುಗಳಿಂದ ಪರೀಕ್ಷಿಸಿ ಖಚಿತಪಡಿಸಿಕೊಂಡರು.

1967ರಲ್ಲಿ ಸ್ಪೆಕರ್ ಮತ್ತು ಸೈಮನ್ ಕೋಖೆನ್ ಸೇರಿ ಇಂದು ಇಬ್ಬರ ಹೆಸರಿನಿಂದಲೂ ಕರೆಯುವ ಪ್ರಮೇಯ ಪ್ರಕಟಿಸಿದರು. ಸ್ಪಿನ್ನಿನ ಬೆಲೆ 1 ಇರುವ ಕಣದಲ್ಲಿ ಪರಸ್ಪರ ಲಂಬವಾದ ಯಾವ ಮೂರು ದಿಕ್ಕುಗಳಲ್ಲಿ ಸ್ಪಿನ್ನಿನ ವರ್ಗವನ್ನು ಅಳೆದರೂ ಎರಡು ಕಡೆ 1, ಒಂದು ಕಡೆ 0 ಬರುತ್ತದೆ. ಎಲ್ಲ ದಿಕ್ಕುಗಳಿಗೂ ಮೊದಲೇ 1 ಅಥವಾ 0 ಹಂಚಿಡಲು ಸಾಧ್ಯವೇ? ಇಲ್ಲ ಎಂದು ತೋರಿಸಲು ಅವರಿಗೆ 117 ದಿಕ್ಕುಗಳು ಬೇಕಾದವು. ಪೆರೆಸ್ ಅದನ್ನು 33ಕ್ಕೆ ಇಳಿಸಿದರು. ಆ 33 ದಿಕ್ಕುಗಳು, ಡಚ್ ಕಲಾವಿದ ಎಷರ್ 1961ರಲ್ಲಿ ರಚಿಸಿದ 'ವಾಟರ್‌ಫಾಲ್' ಚಿತ್ರದ ಗೋಪುರದ ತುದಿಯಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುವ ಮೂರು ಘನಗಳಲ್ಲಿ ಅಡಗಿವೆ ಎಂಬುದನ್ನು ಗುರುತಿಸಿದವರು ಗಣಿತಜ್ಞ ರೋಜರ್ ಪೆನ್‌ರೋಸ್. ನೀರು ತಾನೇ ಮೇಲಕ್ಕೆ ಹರಿಯುವ, ಅಸಾಧ್ಯವನ್ನು ಬಿಡಿಸಿದ ಚಿತ್ರದಲ್ಲೇ ಈ ಅಸಾಧ್ಯದ ಆಕೃತಿಯೂ ಸಿಕ್ಕಿದ್ದು ನನಗೆ ಸದಾ ಖುಷಿ ಕೊಡುವ ಸಂಗತಿ.

ಇದನ್ನೆಲ್ಲ ಓದಿದ ಮೇಲೆ 'ಹಾಗಾದರೆ ನೋಡುವವನ ಪ್ರಜ್ಞೆಯೇ ಜಗತ್ತನ್ನು ಸೃಷ್ಟಿಸುತ್ತದೆ' ಎಂಬಲ್ಲಿಗೆ ಹಾರುವವರು ಬಹಳ. ಉಪನ್ಯಾಸಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಅದು ದಿನವೂ ಸಿಗುತ್ತದೆ. ಚೌಕದಲ್ಲಿ ಪ್ರಜ್ಞೆಗೆ ಎಲ್ಲೂ ಜಾಗವಿಲ್ಲ. ಸಂದರ್ಭ ಎಂದರೆ ಯಾವ ಲೇಸರ್ ಯಾವ ಕ್ರಮದಲ್ಲಿ ಬಿತ್ತು ಎಂಬ ಉಪಕರಣದ ವ್ಯವಸ್ಥೆ. ಕೋಣೆಯಲ್ಲಿ ಮನುಷ್ಯರೇ ಇಲ್ಲದೆ ಕಂಪ್ಯೂಟರ್ ಅದನ್ನು ನಡೆಸಿದರೂ ಫಲ ಅದೇ. ಅಡಗಿದ ಬೆಲೆಗಳೇ ಇಲ್ಲ ಎಂದೂ ಪ್ರಮೇಯ ಹೇಳುವುದಿಲ್ಲ. ಡೇವಿಡ್ ಬೋಮ್ 1952ರಲ್ಲಿ ಕಟ್ಟಿದ ಸಿದ್ಧಾಂತದಲ್ಲಿ ಕಣಕ್ಕೆ ಸದಾ ಒಂದು ನಿಶ್ಚಿತ ಸ್ಥಾನವಿದೆ, ಅದು ಕ್ವಾಂಟಂ ಫಲಗಳನ್ನೆಲ್ಲ ಕೊಡುತ್ತದೆ. ಆದರೆ ಅಲ್ಲಿ ಸ್ಪಿನ್ ಅಳತೆಯ ಉತ್ತರ ಉಪಕರಣದ ಜೋಡಣೆಯನ್ನೂ ಅವಲಂಬಿಸುತ್ತದೆ. ಸಂದರ್ಭವನ್ನು ಒಪ್ಪಿಕೊಂಡ ಸಿದ್ಧಾಂತಕ್ಕೆ ಪ್ರಮೇಯದಿಂದ ತೊಂದರೆಯಿಲ್ಲ.

ನಮ್ಮವರಲ್ಲಿ ಕೆಲವರು ಇಲ್ಲಿ ಜೈನರ ಸ್ಯಾದ್ವಾದವನ್ನು ನೆನೆಯುತ್ತಾರೆ. ಅದನ್ನು ತಳ್ಳಿಹಾಕಬೇಕಿಲ್ಲ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ 1954ರಲ್ಲಿ ಸ್ಯಾದ್ವಾದವನ್ನೂ ಸಂಭವನೀಯತೆಯ ಚಿಂತನೆಯನ್ನೂ ಜೋಡಿಸಿ ಬರೆದದ್ದು 'ಡಯಲೆಕ್ಟಿಕ' ಪತ್ರಿಕೆಯಲ್ಲಿ. ಆರು ವರ್ಷಗಳ ನಂತರ ಸ್ಪೆಕರ್ ಅವರ ಕಾಲಜ್ಞಾನಿಯ ಕಥೆ ಅಚ್ಚಾದದ್ದೂ ಅದರಲ್ಲೇ. ಆದರೆ ಒಂದೇ ವಸ್ತುವನ್ನು ಹಲವು ಕಡೆಯಿಂದ ನೋಡಬಹುದು ಎಂಬ ಮಾತಿಗೂ, ಒಂಬತ್ತು ಉತ್ತರಗಳು ಒಟ್ಟಿಗೆ ಇರಲಾರವು ಎಂಬ ಲೆಕ್ಕಕ್ಕೂ ಅಂತರವಿದೆ. ಆ ಮೈನಸ್ ಚಿಹ್ನೆ ಯಾವ ದರ್ಶನದಲ್ಲೂ ಇಲ್ಲ. ಅದನ್ನು ಪ್ರಯೋಗಶಾಲೆಯಲ್ಲಿ ಗಳಿಸಬೇಕಾಯಿತು.

ಕೋಖೆನ್ ಮತ್ತು ಸ್ಪೆಕರ್ ಅವರ ಪ್ರಮೇಯಕ್ಕೆ ಗಂಭೀರ ಆಕ್ಷೇಪಗಳೂ ಬಂದಿವೆ. ಯಾವ ಉಪಕರಣವೂ ದಿಕ್ಕನ್ನು ಕೂದಲೆಳೆಯಷ್ಟೂ ತಪ್ಪದೆ ಹಿಡಿಯಲಾರದು. ಭಾಗಲಬ್ಧ ಸಂಖ್ಯೆಗಳಲ್ಲಿ ಬರೆಯಬಹುದಾದ ದಿಕ್ಕುಗಳನ್ನಷ್ಟೇ ತೆಗೆದುಕೊಂಡರೆ 0 ಮತ್ತು 1 ಹಂಚಲು ಸಾಧ್ಯವಿದೆ ಎಂದು ಡೇವಿಡ್ ಮೇಯರ್ 1999ರಲ್ಲಿ ತೋರಿಸಿದರು. ಹಾಗಾದರೆ ಪ್ರಯೋಗ ಏನನ್ನು ಸಾಬೀತು ಮಾಡುತ್ತದೆ ಎಂಬ ಚರ್ಚೆ ಜೋರಾಗಿ ನಡೆಯಿತು. ಆ ಹಂಚಿಕೆಯಲ್ಲಿ ದಿಕ್ಕು ಎಳ್ಳಷ್ಟು ಸರಿದರೂ ಉತ್ತರ ತಲೆಕೆಳಗಾಗುತ್ತದೆ. ಅಂಥ ಪ್ರಕೃತಿಯನ್ನು ಒಪ್ಪುವುದು ಸಂದರ್ಭಾವಲಂಬನೆಯನ್ನು ಒಪ್ಪುವುದಕ್ಕಿಂತ ಕಷ್ಟ ಎಂಬ ಪಕ್ಷದವನು ನಾನು. 4ಕ್ಕೂ 5.46ಕ್ಕೂ ಇರುವಂಥ ಅಂತರಗಳನ್ನು ಅಳೆಯುವ ಪ್ರಯೋಗಗಳು ಮುಂದೆ ಬಂದದ್ದಕ್ಕೆ ಈ ಚರ್ಚೆಯೂ ಒಂದು ಕಾರಣ.

ಅಂಥ ಪ್ರಯೋಗಗಳಲ್ಲಿ ಭಾರತದ ಪಾಲೂ ಇದೆ. ಒಂದೇ ಕಣದ ಸ್ಪಿನ್ ಮತ್ತು ಅದು ಹಿಡಿದ ದಾರಿ, ಈ ಎರಡರ ನಡುವೆಯೇ ಬೆಲ್ ಮಾದರಿಯ ಪರೀಕ್ಷೆ ನಡೆಸಬಹುದು ಎಂದು ಕೋಲ್ಕತ್ತದ ದೀಪಂಕರ್ ಹೋಮ್ ಮತ್ತು ಸಂಗಡಿಗರು 2001ರಲ್ಲಿ ಬರೆದರು. ಯೂಜಿ ಹಸೆಗಾವ ತಂಡ 2003ರಲ್ಲಿ ನ್ಯೂಟ್ರಾನುಗಳಿಂದ ಅಂಥ ಪರೀಕ್ಷೆ ನಡೆಸಿತು. ಸಂದರ್ಭವಿಲ್ಲದ ವಿವರಣೆಗೆ ಮಿತಿ 2, ಸಿಕ್ಕಿದ್ದು 2.051. ಅಂತರ ಸಣ್ಣದು, ಆದರೆ ದೋಷದ ಅಂದಾಜು 0.019 ಮಾತ್ರ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಶಿ ಸಿನ್ಹಾ ಅವರ ತಂಡ ಹೋಮ್ ಅವರ ಜೊತೆ ಸೇರಿ 2022ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಸೋದರ ಪ್ರಶ್ನೆಯದು: ಒಂದು ವ್ಯವಸ್ಥೆಗೆ ಬೇರೆಬೇರೆ ಹೊತ್ತಿನಲ್ಲಿ ನಿಶ್ಚಿತ ಬೆಲೆಗಳಿವೆ ಎಂದು ನಂಬಬಹುದೇ? ಲೆಗ್ಗೆಟ್ ಮತ್ತು ಗರ್ಗ್ 1985ರಲ್ಲಿ ಹೇಳಿದ ಆ ಪರೀಕ್ಷೆಯನ್ನು ಒಂಟಿ ಫೋಟಾನುಗಳ ಮೇಲೆ, ನುಸುಳಲು ಸಂದುಗಳಿಲ್ಲದಂತೆ ನಡೆಸಿ, ನಂಬಲಾಗದು ಎಂದು ತೋರಿಸಿದರು.

ಇದರಿಂದ ಉಪಯೋಗವೇನು ಎಂದು ಕೇಳುವವರಿಗೆ ಈಗ ಉತ್ತರವೂ ಇದೆ. ಕ್ವಾಂಟಂ ಕಂಪ್ಯೂಟರಿನ ಕೆಲವು ಬಗೆಯ ಕೆಲಸಗಳನ್ನು ಸಾಮಾನ್ಯ ಕಂಪ್ಯೂಟರೂ ಸಲೀಸಾಗಿ ಅನುಕರಿಸಬಲ್ಲದು. ಅದನ್ನು ಮೀರಿದ ಬಲ ಬರಲು 'ಮ್ಯಾಜಿಕ್ ಸ್ಥಿತಿ' ಎನ್ನುವ ವಿಶೇಷ ಸ್ಥಿತಿಗಳನ್ನು ಸೇರಿಸಬೇಕು. ಆ ಸ್ಥಿತಿಗಳಲ್ಲಿ ಸಂದರ್ಭಾವಲಂಬನೆ ಇಲ್ಲದಿದ್ದರೆ ಆ ಬಲವೂ ಬಾರದು ಎಂದು ಮಾರ್ಕ್ ಹೋವರ್ಡ್, ಜೋಸೆಫ್ ಎಮರ್ಸನ್ ಮತ್ತು ಸಂಗಡಿಗರು 2014ರಲ್ಲಿ ಸಾಧಿಸಿದರು. ಅವರ ಸಾಧನೆ ಪೂರ್ಣವಾಗಿ ಸಲ್ಲುವುದು ಮೂರು, ಐದರಂಥ ಬೆಸ ಅವಿಭಾಜ್ಯ ಸಂಖ್ಯೆಯ ಮಟ್ಟಗಳಿರುವ ಘಟಕಗಳಿಗೆ. ಎರಡು ಮಟ್ಟಗಳ ಸಾಮಾನ್ಯ ಕ್ಯೂಬಿಟ್‌ಗಳಲ್ಲಿ ಚಿತ್ರ ಹೆಚ್ಚು ಗೋಜಲು. ಅದಕ್ಕೆ ಕಾರಣ ನಮ್ಮ ಒಂಬತ್ತು ಮನೆಯ ಚೌಕವೇ. ಕ್ಯೂಬಿಟ್‌ಗಳಲ್ಲಿ ಯಾವ ಸ್ಥಿತಿಯಿದ್ದರೂ ಆ ಮೈನಸ್ ಇದ್ದೇ ಇರುತ್ತದೆ, ಹಾಗಾಗಿ ಅದೊಂದನ್ನೇ ಬಲದ ಗುರುತು ಎನ್ನಲಾಗದು. 2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಕಂಪ್ಯೂಟಿಂಗ್ ವಿಭಾಗದ ಕೇಂದ್ರವಾಗಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಯಂತ್ರ ಕಟ್ಟುವ ಸಂಭ್ರಮದಲ್ಲಿ ಅದರ ಬಲ ಎಲ್ಲಿಂದ ಬರುತ್ತದೆ ಎಂಬ ಈ ಪ್ರಶ್ನೆಯನ್ನೂ ಅಲ್ಲಿಗೆ ಬರುವ ಹುಡುಗ ಹುಡುಗಿಯರು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ.

ಗಣಿತದಲ್ಲೂ ಕೆಲಸ ಬಾಕಿಯಿದೆ. ಕೋಖೆನ್ ಮತ್ತು ಸ್ಪೆಕರ್ ಅವರ 117 ದಿಕ್ಕುಗಳು ಪೆರೆಸ್ ಕೈಯಲ್ಲಿ 33 ಆದವಷ್ಟೆ. ಜಾನ್ ಕಾನ್ವೇ ಮತ್ತು ಕೋಖೆನ್ ಅದನ್ನು 31ಕ್ಕೆ ತಂದರು. 24ಕ್ಕಿಂತ ಕಡಿಮೆ ದಿಕ್ಕುಗಳಲ್ಲಿ ಪ್ರಮೇಯವನ್ನು ಹೀಗೆ ತೋರಿಸಲಾಗದು ಎಂದು ಇತ್ತೀಚೆಗೆ ಕಂಪ್ಯೂಟರುಗಳ ನೆರವಿನಿಂದ ಸಾಧಿಸಿದ್ದಾರೆ. ಸರಿಯಾದ ಸಂಖ್ಯೆ 24ರಿಂದ 31ರೊಳಗೆ ಎಲ್ಲೋ ಇದೆ, ಹುಡುಕಾಟ ನಡೆಯುತ್ತಿದೆ.